ಕಾಲೇಜಿನ ಕಚೇರಿಗೂ ಕಲಿಕೆ ಬೇಡವೇ?

ವಿದ್ಯಾಸಂಸ್ಥೆಯೆಂದೊಡನೆ ನಮ್ಮ ಜನರ ಕಣ್ಣಿಗೆ ಕಟ್ಟುವವರು ಇಬ್ಬರೇ: ಕಲಿಸುವ ಗುರು, ಕಲಿಯುವ ಶಿಷ್ಯ. ಇವರಿಬ್ಬರ ನಡುವೆ ಮೂರನೆಯದೊಂದು ವರ್ಗವುಂಟೆಂಬದು ನಮಗೆ ನೆನಪಾಗುವದು ಕೆಲಸ ಕೆಟ್ಟಾಗ ಮಾತ್ರ. ಪ್ರವೇಶದ ಅರ್ಜಿಯನ್ನು ತೆಗೆದುಕೊಳ್ಳುವ ಕಾರಕೂನ, ಗ್ರಂಥಾಲಯದಲ್ಲಿ ಪುಸ್ತಕ ಕೊಟ್ಟು ಬರೆದುಕೊಳ್ಳುವ ಸಹಾಯಕ, ಪ್ರಯೋಗಶಾಲೆಯಲ್ಲಿ ಆಮ್ಲದ ಸೀಸೆಗಳನ್ನು ಕಾಯುವ ಪರಿಚಾರಕ, ಗಂಟೆ ಬಾರಿಸುವ ಶಿಪಾಯಿ, ಇವರೊಡನೆ ಓದಿನ ಖರ್ಚಿಗೆಂದು ದಿನಕ್ಕೆರಡು ತಾಸು ಅಲ್ಲಿಯೇ ದುಡಿಯುವ ಬಡ ವಿದ್ಯಾರ್ಥಿ, ಇವರೆಲ್ಲರೂ ಆ ವರ್ಗಕ್ಕೆ ಸೇರಿದವರು. ಇವರಿಗೆ ಇವರ ಕೆಲಸವನ್ನು ಕಲಿಸುವವರು ಯಾರು? ಈ ಪ್ರಶ್ನೆಯನ್ನು ನಮ್ಮ ಶಿಕ್ಷಣಧುರೀಣರ ಮುಂದೆ ಇಡುವದೇ ಈ ಲೇಖದ ಉದ್ದೇಶವು.

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳ ಸ್ಥಿತಿಯನ್ನು ಮೊದಲು ನೋಡೋಣ. ಮುಂಬಯಿ ಪ್ರಾಂತದ ಕಾಲದಲ್ಲಿ ಉಚ್ಚಶಿಕ್ಷಣವನ್ನು ಬಯಸಿದ ಘಟ್ಟದ ಮೇಲಿನ ಹುಡುಗನಿಗೆ ಧಾರವಾಡವೇ ಗತಿಯಾಗಿತ್ತು. ಅಲ್ಲಿಯ ಕರ್ನಾಟಕ ಕಾಲೇಜು ಹುಟ್ಟಿದ್ದು 1917ರಲ್ಲಿ. ಶಿರಸಿಯಿಂದ ಅದು ನೂರು ಕಿಲೋಮೀಟರಿಗೂ ಮಿಗಿಲಾದ ದಾರಿ. ಕರ್ನಾಟಕ ವಿಶ್ವವಿದ್ಯಾಲಯವು 1949ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮರುವರ್ಷ ಧಾರವಾಡಕ್ಕೆ ಬಂದ ತರುವಾಯ, ಅದರ ಆಶ್ರಯದಲ್ಲಿ ನಮ್ಮ ಸೀಮೆಯಲ್ಲಿಯೂ ಕಾಲೇಜುಗಳು ಬೆಳೆದವು. ಶಿರಸಿಯಲ್ಲಿ 1985ರಲ್ಲಿ ಅರಣ್ಯ ಮಹಾವಿದ್ಯಾಲಯವು ತೆರೆಯಿತು. ಅದು ಈಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಅಂಗ. ಇಂದು ತೋಟಿಗರ ಮನೆಯ ಮಕ್ಕಳೊಡನೆ ಕೂಲಿಕಾರರ ಮಕ್ಕಳೂ, ಯಲ್ಲಾಪುರದ ಕಾಡಿನಂಚಿನ ಸಿದ್ದಿ ಮತ್ತು ಗೌಳಿ ಮನೆಗಳ ಮಕ್ಕಳೂ ಕಾಲೇಜಿನ ಮೆಟ್ಟಿಲನ್ನೇರುತ್ತಿದ್ದಾರೆ. ಇದು ಸಾಮಾನ್ಯ ಸಂಗತಿಯಲ್ಲ. ಕರನಿರಾಕರಣೆಯ ಹೋರಾಟದಲ್ಲಿ ಭೂಮಿಯನ್ನು ಕಳಕೊಂಡು ಸೆರೆಮನೆಯನ್ನು ಸೇರಿದ ಈ ಸೀಮೆಯ ರೈತರು ಯಾವ ಸ್ವರಾಜ್ಯಕ್ಕಾಗಿ ಬಳಲಿದರೋ, ಆ ಸ್ವರಾಜ್ಯದ ನಿಜವಾದ ಫಲವು ಇದೇ ಅಲ್ಲವೇ?

ಆದರೆ ಈ ಫಲವು ಕೈಗೆ ಸೇರುವ ಜಾಗ ಯಾವದು? ವ್ಯಾಖ್ಯಾನದ ಕೋಣೆಯಲ್ಲ, ಕಚೇರಿಯ ಕಿಟಕಿ. ಸಿದ್ದಿ ಜನಾಂಗವು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿತು. ಆ ಮನೆಯಿಂದ ಮೊಟ್ಟಮೊದಲು ಕಾಲೇಜಿಗೆ ಬಂದ ಹುಡುಗಿಯ ಪಾಲಿಗೆ ಸಂವಿಧಾನವು ಕೊಟ್ಟ ಹಕ್ಕೆಂದರೆ ಒಂದು ಅರ್ಜಿ. ಆ ಅರ್ಜಿಯನ್ನು ಈಗ ಕಾಗದದ ಮೇಲೆ ಬರೆದರೆ ಸಾಲದು. ರಾಜ್ಯದ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ತುಂಬಬೇಕು. ಆಧಾರ ಚೀಟಿಯಲ್ಲಿಯ ಹೆಸರು, ಹತ್ತನೆಯ ಇಯತ್ತೆಯ ಅಂಕಪಟ್ಟಿಯಲ್ಲಿಯ ಹೆಸರು, ಬ್ಯಾಂಕಿನ ಪುಸ್ತಕದಲ್ಲಿಯ ಹೆಸರು, ಈ ಮೂರೂ ಒಂದಕ್ಕೊಂದು ಹೊಂದಬೇಕು. ಖಾತೆಯು ಆಧಾರಕ್ಕೆ ಜೋಡಣೆಯಾಗಿರಬೇಕು. ಒಂದು ಅಕ್ಷರ ಹೆಚ್ಚುಕಡಿಮೆಯಾದರೆ ಹಣವು ಅರ್ಧದಾರಿಯಲ್ಲಿಯೇ ನಿಲ್ಲುವದು. ಇದಲ್ಲದೆ 2021ರಿಂದ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ, ಪರೀಕ್ಷೆ, ಫಲಿತಾಂಶ ಮೊದಲಾದವುಗಳಿಗಾಗಿ ಏಕೀಕೃತ ನಿರ್ವಹಣಾ ವ್ಯವಸ್ಥೆಯೆಂಬ ಹೊಸ ತಂತ್ರಾಂಶವು ಬಂದಿದೆ. ಜೀವಮಾನವಿಡೀ ಕೈಬರಹದ ದಫ್ತರಗಳಲ್ಲಿ ಪಳಗಿದ ಕಾರಕೂನನೂ, ನಿನ್ನೆ ಮೊನ್ನೆ ಹೊರಗುತ್ತಿಗೆಯಲ್ಲಿ ಸೇರಿದ ತರುಣನೂ ಈ ಹೊಸ ಯಂತ್ರದ ಮುಂದೆ ಒಂದೇ ಸ್ಥಿತಿಯಲ್ಲಿ ಕೈಕಟ್ಟಿ ಕುಳಿತಿದ್ದಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲವೆಂದು ಜನರು ಸಿಡಿಮಿಡಿಗೊಳ್ಳುತ್ತಾರೆ. ಆದರೆ ಇಲ್ಲಿ ಪೂಜಾರಿಗೆ ಮಂತ್ರವನ್ನೇ ಯಾರೂ ಹೇಳಿಕೊಟ್ಟಿಲ್ಲವೆಂಬದನ್ನು ನಾವು ಲಕ್ಷ್ಯಕ್ಕೆ ತಂದುಕೊಳ್ಳಬೇಡವೇ?

ಸರಕಾರಕ್ಕೆ ಶಿಕ್ಷಣದ ಮಹತ್ವವು ತಿಳಿಯದೆಂದು ನಾವು ಹೇಳುವದಿಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ, ಅಧ್ಯಾಪಕರನ್ನು ಅವರ ಕಾರ್ಯದಲ್ಲಿ ತಿದ್ದಿ ಹದಗೊಳಿಸಲು 1987ರಿಂದ ವಿಶ್ವವಿದ್ಯಾಲಯಗಳಲ್ಲಿ ಪ್ರತ್ಯೇಕ ಕೇಂದ್ರಗಳನ್ನು ತೆರೆಯಲಾಯಿತು. 2023ರಲ್ಲಿ ಅವಕ್ಕೆ ಮಹಾಮನಾ ಮಾಳವೀಯರ ಹೆಸರನ್ನು ಇಡಲಾಗಿದೆ. ಕೇಂದ್ರ ಸರಕಾರದ ನೌಕರರಿಗಾಗಿ 2020ರಲ್ಲಿ ಕರ್ಮಯೋಗಿ ಎಂಬ ಯೋಜನೆಯು ಹುಟ್ಟಿತು. ಇವೆಲ್ಲ ಒಳ್ಳೆಯವೇ. ಆದರೆ ಮಳೆಯು ಗುಡ್ಡದ ನೆತ್ತಿಯ ಮೇಲೆ ಸುರಿದರಾಯಿತೇ? ಕಣಿವೆಯ ತೋಟಕ್ಕೆ ಕಾಲುವೆಯೂ ಬೇಕು. ಅಧ್ಯಾಪಕನು ಶಿಕ್ಷಣವರ್ಗಕ್ಕೆ ಹೋದರೆ ಅವನ ಬಡ್ತಿಗೆ ಅದು ಲೆಕ್ಕಕ್ಕೆ ಬರುವದು. ತಾಲೂಕಿನ ಕಾಲೇಜೊಂದರ ತಾತ್ಪೂರ್ತಿಕ ಕಾರಕೂನನು ಹೋದರೆ ಅವನಿಗೆ ಸಿಕ್ಕುವದೇನು? ಅನೇಕ ವೇಳೆ ಆ ದಿನದ ಪಗಾರದ ಕಡಿತವಷ್ಟೇ.

‘ಕೆಲಸವೇ ಕೆಲಸವನ್ನು ಕಲಿಸುವದು, ಇದಕ್ಕೆ ಶಿಬಿರವೇತಕ್ಕೆ?’ ಎಂದು ಕೆಲವರು ಕೇಳಬಹುದು. ಅಂಥವರು ನಮ್ಮ ಅಡಿಕೆಯ ತೋಟಗಳನ್ನೇ ನೋಡಲಿ. ಕೊನೆಗೌಡನು ಮರವನ್ನೇರಿ, ಅಲ್ಲಿಂದ ಮರಕ್ಕೆ ಮರವನ್ನು ಬಾಗಿಸಿಕೊಂಡು ದಾಟುತ್ತ, ಕೊಯ್ದ ಕೊನೆಯನ್ನು ಹಗ್ಗದ ಮೇಲೆ ಜಾರಬಿಡುವ ಕೌಶಲವು ಒಂದೇ ದಿನದಲ್ಲಿ ಬಂದದ್ದಲ್ಲ. ಕೆಳಗೆ ಹಗ್ಗ ಹಿಡಿದು ಕೊನೆಯನ್ನು ಪೆಟ್ಟಾಗದಂತೆ ಇಳಿಸಿಕೊಳ್ಳುವವನಿಗೂ ಅಭ್ಯಾಸ ಬೇಕು. ಏನೂ ಅರಿಯದವನನ್ನು ಮರದ ತುದಿಗೆ ಕಳಿಸಿ ‘ಅಲ್ಲಿಯೇ ಕಲಿತುಕೋ’ ಎಂದು ಹೇಳುವ ತೋಟಿಗನನ್ನು ನಾವು ಕಂಡಿಲ್ಲ. ಅದರಂತೆಯೇ, 1923ರಲ್ಲಿ ಶಿರಸಿಯ ತೋಟಿಗರು ತಮ್ಮದೇ ಸಹಕಾರಿ ಮಾರಾಟ ಸಂಘವನ್ನು ಕಟ್ಟಿದರು. ರಾಶಿಯನ್ನೂ ಬೆಟ್ಟೆಯನ್ನೂ ಚಾಲಿಯನ್ನೂ ಗೋಟನ್ನೂ ಬೇರ್ಪಡಿಸಿ ದರ್ಜೆಯನ್ನು ಗೊತ್ತುಮಾಡುವ ಕಣ್ಣು ಹಿರಿಯರ ಬದಿಯಲ್ಲಿ ಕುಳಿತು ಪಳಗಿದವನಿಗೇ ಬರುವದು. ಅಡಿಕೆಯ ವಿಷಯದಲ್ಲಿ ಇಷ್ಟು ಎಚ್ಚರವುಳ್ಳ ನಾವು, ಮಕ್ಕಳ ಅಂಕಪಟ್ಟಿಯ ವಿಷಯದಲ್ಲಿ ಅದರ ಅರೆಪಾಲು ಎಚ್ಚರವನ್ನೂ ತೋರದಿರುವದು ಸೋಜಿಗವಲ್ಲವೇ?

ಸಾರ್ವಜನಿಕ ಸೇವೆಗೂ ಶಿಕ್ಷಣ ಬೇಕೆಂಬದನ್ನು ಕರ್ನಾಟಕವು ದೇಶಕ್ಕೇ ತೋರಿಸಿಕೊಟ್ಟಿದೆ. ಡಾ. ನಾ. ಸು. ಹರ್ಡೀಕರರು 1923ರಲ್ಲಿ ಹಿಂದುಸ್ತಾನೀ ಸೇವಾದಳವನ್ನು ಸ್ಥಾಪಿಸಿದಾಗ, ದೇಶಭಕ್ತಿಯೊಂದಿದ್ದರೆ ಸಾಕು, ಉಳಿದದ್ದು ತಾನಾಗಿ ಬರುವದೆಂದು ಅವರು ತಿಳಿಯಲಿಲ್ಲ. ಸಾಲಾಗಿ ನಿಲ್ಲುವದು, ಗುಂಪನ್ನು ನಿಯಂತ್ರಿಸುವದು, ಹೇಳಿದ ಕೆಲಸವನ್ನು ಹೇಳಿದ ವೇಳೆಗೆ ಮಾಡುವದು, ಇವನ್ನೆಲ್ಲ ಶಿಬಿರಗಳಲ್ಲಿ ಕಲಿಸಿದರು. 1924ರಲ್ಲಿ ಮಹಾತ್ಮರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕೂಡಿದ ಕಾಂಗ್ರೆಸ್ ಅಧಿವೇಶನದ ಸುವ್ಯವಸ್ಥೆಗೆ ಈ ಸ್ವಯಂಸೇವಕರ ಶಿಸ್ತೂ ಒಂದು ಕಾರಣವು. ಕೂಲಿಯಿಲ್ಲದೆ ಸೇವೆಗೆ ಬಂದವರಿಗೂ ಶಿಕ್ಷಣವು ಅವಶ್ಯವೆನಿಸಿದ್ದರೆ, ಪಗಾರ ಪಡೆದು ದಿನವೂ ನೂರಾರು ವಿದ್ಯಾರ್ಥಿಗಳ ಭವಿಷ್ಯವನ್ನು ಕೈಯಲ್ಲಿ ಹಿಡಿದವರಿಗೆ ಅದು ಅನವಶ್ಯವಾಗುವದು ಹೇಗೆ?

ಇನ್ನು ದುಡಿಯುವ ವಿದ್ಯಾರ್ಥಿಯ ಮಾತು. ಇದೂ ನಮಗೆ ಹೊಸತಲ್ಲ. 1937ರ ವಾರ್ಧಾ ಶಿಕ್ಷಣ ಪರಿಷತ್ತಿನಲ್ಲಿ ಗಾಂಧೀಜಿಯವರು ಕೈಗೆಲಸವನ್ನೇ ವಿದ್ಯೆಯ ಬೇರಾಗಿ ಮಾಡಬೇಕೆಂದರು. ಕರ್ಮವೀರ ಭಾವೂರಾವ ಪಾಟೀಲರು 1947ರಲ್ಲಿ ಸಾತಾರೆಯಲ್ಲಿ ಸ್ಥಾಪಿಸಿದ ಕಾಲೇಜಿನಲ್ಲಿ ಬಡ ಹುಡುಗರು ದುಡಿಯುತ್ತ ಓದುವ ವ್ಯವಸ್ಥೆಯನ್ನು ಮಾಡಿದರು. ಅಮೇರಿಕದಲ್ಲಿ ದಾಸ್ಯದಿಂದ ಬಿಡುಗಡೆಯಾದ ನೀಗ್ರೋ ಜನರಿಗಾಗಿ 1881ರಲ್ಲಿ ಹುಟ್ಟಿದ ಟಸ್ಕೀಗೀ ವಿದ್ಯಾಲಯದ ಕಥೆಯಂತೂ ಬೋಧಪ್ರದವಾಗಿದೆ. ಅಲ್ಲಿಯ ವಿದ್ಯಾರ್ಥಿಗಳು ತಮ್ಮ ಶಾಲೆಗೆ ಇಟ್ಟಿಗೆಗಳನ್ನು ತಾವೇ ಸುಡಲು ಹೊರಟಾಗ ಮೂರು ಭಟ್ಟಿಗಳು ಒಂದಾದ ಮೇಲೊಂದು ಕೆಟ್ಟುಹೋದವು. ಉತ್ಸಾಹಕ್ಕೆ ಕೊರತೆಯಿರಲಿಲ್ಲ, ಇಟ್ಟಿಗೆ ಸುಡುವ ವಿದ್ಯೆ ಇರಲಿಲ್ಲ. ಬುಕರ್ ವಾಷಿಂಗ್ಟನ್ನರು ಕೈಗಡಿಯಾರವನ್ನು ಒತ್ತೆಯಿಟ್ಟು ಹಚ್ಚಿಸಿದ ನಾಲ್ಕನೆಯ ಭಟ್ಟಿಯು ಫಲಿಸಿತು. ಅದೇ ದೇಶದಲ್ಲಿ 1964ರ ಕಾನೂನಿನಿಂದ, ಕಲಿಯುತ್ತ ದುಡಿಯುವ ವಿದ್ಯಾರ್ಥಿಗಳಿಗೆ ಸರಕಾರವೇ ವೇತನದ ನೆರವನ್ನು ಕೊಡತೊಡಗಿತು. ಇಂದು ಅಲ್ಲಿಯ ಅನೇಕ ವಿಶ್ವವಿದ್ಯಾಲಯಗಳು ನೌಕರರಿಗೂ ದುಡಿಯುವ ವಿದ್ಯಾರ್ಥಿಗಳಿಗೂ ಕೆಲಸದ ರೀತಿನೀತಿಗಳನ್ನು ಕಲಿಸುವ ಕಾರ್ಯಾಗಾರಗಳನ್ನು ನಡೆಯಿಸುತ್ತಿವೆ. ಪರದೇಶದ ಉಡುಪನ್ನು ನಾವು ಬೇಗನೆ ಅನುಕರಿಸುತ್ತೇವೆ. ಇಂಥ ಸದ್ಗುಣಗಳನ್ನು ಅನುಕರಿಸಲು ಏಕೆ ಹಿಂಜರಿಯಬೇಕು?

ಇಲ್ಲಿ ಒಂದು ಅಪಾಯವುಂಟು; ಅದನ್ನು ಮುಚ್ಚಿಡಬಾರದು. ‘ಕಲಿಯುತ್ತ ಗಳಿಸು’ ಎಂಬ ಮಾತು ಸಂಸ್ಥೆಗಳ ಚಾಲಕರ ಬಾಯಲ್ಲಿ ‘ಕಡಿಮೆ ಕೂಲಿಗೆ ದುಡಿ’ ಎಂದಾಗಲು ತಡವಾಗುವದಿಲ್ಲ. ಕಾಯಂ ಜಾಗಗಳನ್ನು ಖಾಲಿಯಿಟ್ಟು, ಆ ಕೆಲಸವನ್ನು ಹುಡುಗರಿಂದಲೂ ಹೊರಗುತ್ತಿಗೆಯವರಿಂದಲೂ ಮಾಡಿಸಿಕೊಳ್ಳುವದು ಶಿಕ್ಷಣವಲ್ಲ, ಶೋಷಣೆ. ಸಂಜೆಯ ಕೊನೆಯ ಬಸ್ಸು ತಪ್ಪಿದರೆ ಹಳ್ಳಿಯ ಹುಡುಗನು ಕತ್ತಲೆಯಲ್ಲಿ ಕಾಡುದಾರಿಯನ್ನು ನಡೆಯಬೇಕಾಗುವದು. ಪರೀಕ್ಷೆಯ ಕಾಲದಲ್ಲಿ ದುಡಿಸಿಕೊಂಡರೆ ಅವನ ವರ್ಷವೇ ಹಾಳಾಗುವದು. ಆದುದರಿಂದ ವಿದ್ಯಾರ್ಥಿಯ ಕೆಲಸದ ತಾಸುಗಳೂ ಕೂಲಿಯೂ ಬರವಣಿಗೆಯಲ್ಲಿ ಗೊತ್ತಾಗಿರಬೇಕು. ಪಾಠದ ವೇಳೆಗೆ ಅವು ಅಡ್ಡಬರಬಾರದು. ಅವನು ಮಾಡಿದ ಕೆಲಸಕ್ಕೂ ಕಲಿತ ವಿದ್ಯೆಗೂ ಪ್ರಾಚಾರ್ಯರ ಸಹಿಯುಳ್ಳ ಪ್ರಮಾಣಪತ್ರವು ಸಿಕ್ಕಬೇಕು. ಅವನಿಗೆ ನಾಳೆ ಬ್ಯಾಂಕಿನ ಬಾಗಿಲಲ್ಲಿ ನಿಂತಾಗ ಆ ಕಾಗದವು ಪದವಿಪತ್ರದಷ್ಟೇ ನೆರವಾದೀತು.

ಹಾಗಾದರೆ ಮಾಡತಕ್ಕದ್ದೇನು? ಮೂರು ತಾಲೂಕುಗಳ ಕಾಲೇಜುಗಳು ಕೂಡಿ ವರ್ಷಕ್ಕೊಮ್ಮೆ, ಪ್ರವೇಶದ ಗಡಿಬಿಡಿಯು ಆರಂಭವಾಗುವ ಮೊದಲು, ನಾಲ್ಕು ದಿನಗಳ ಶಿಕ್ಷಣ ಶಿಬಿರವೊಂದನ್ನು ನಡೆಯಿಸಲಿ. ಒಂದು ವರ್ಷ ಶಿರಸಿಯಲ್ಲಿ, ಮರುವರ್ಷ ಸಿದ್ದಾಪುರದಲ್ಲಿ, ಮೂರನೆಯ ವರ್ಷ ಯಲ್ಲಾಪುರದಲ್ಲಿ ಅದು ಕೂಡಲಿ. ಮೊದಲನೆಯ ದಿನ ಅರ್ಜಿ, ವಿದ್ಯಾರ್ಥಿವೇತನ, ತಂತ್ರಾಂಶಗಳ ಅಭ್ಯಾಸ; ಎರಡನೆಯ ದಿನ ಪತ್ರವ್ಯವಹಾರ, ಜಮಾಖರ್ಚು, ದಫ್ತರಗಳ ರಕ್ಷಣೆ; ಮೂರನೆಯ ದಿನ ಗ್ರಂಥಾಲಯ ಮತ್ತು ಪ್ರಯೋಗಶಾಲೆಯ ಕೆಲಸ, ಬೆಂಕಿ ಆಮ್ಲಗಳ ವಿಷಯದ ಎಚ್ಚರ, ಪ್ರಥಮೋಪಚಾರ; ನಾಲ್ಕನೆಯ ದಿನ ಜನರೊಡನೆ ಆಡುವ ಮಾತು. ಈ ಕೊನೆಯದನ್ನು ಯಾರೂ ಹಗುರವೆಂದು ತಿಳಿಯದಿರಲಿ. ಕೈಮುಗಿದು ನಿಂತ ತಂದೆಯನ್ನು ‘ನಾಳೆ ಬಾ’ ಎಂದು ಏಕವಚನದಲ್ಲಿ ಅಟ್ಟುವ ಕಚೇರಿಯು ಯಾವ ತಂತ್ರಾಂಶದಿಂದಲೂ ಸುಧಾರಿಸಲಾರದು. ಅಡಿಕೆಗೆ ಹೋದ ಮಾನವು ಆನೆ ಕೊಟ್ಟರೂ ಬಾರದೆಂಬದು ನಮ್ಮ ಸೀಮೆಯವರಿಗೆ ಬೇರೆ ಹೇಳಬೇಕಾಗಿಲ್ಲ.

ಕಲಿಸುವವರನ್ನು ದೂರದಿಂದ ತರಿಸಬೇಕಾಗಿಲ್ಲ. ನಿವೃತ್ತರಾದ ಪ್ರಧಾನ ಕಾರಕೂನರು, ಬ್ಯಾಂಕಿನ ಅಧಿಕಾರಿಗಳು, ಸಹಕಾರಿ ಸಂಘಗಳ ಲೆಕ್ಕಿಗರು, ಗ್ರಂಥಪಾಲರು, ಅರಣ್ಯ ಮಹಾವಿದ್ಯಾಲಯದ ಪ್ರಯೋಗಶಾಲೆಯಲ್ಲಿ ಪಳಗಿದವರು ಇಲ್ಲಿಯೇ ಇದ್ದಾರೆ. ಎಲ್ಲವೂ ಕನ್ನಡದಲ್ಲಿ ನಡೆಯಲಿ. ಇಂಗ್ಲಿಷಿನ ಸುತ್ತೋಲೆಯನ್ನು ಇಂಗ್ಲಿಷಿನಲ್ಲಿಯೇ ಓದಿ ಹೇಳುವ ಶಿಬಿರದಿಂದ ಊಟದ ಖರ್ಚೊಂದೇ ಮಿಕ್ಕೀತು. ಶಿಬಿರಕ್ಕೆ ಬಂದವರ ಪಗಾರವನ್ನು ಕಡಿಯದಿರುವದೂ, ವಿದ್ಯಾರ್ಥಿಗಳಿಗೆ ಆ ದಿನಗಳ ಕೂಲಿಯನ್ನು ಕೊಡುವದೂ ಮೊದಲನೆಯ ನಿಯಮವಾಗಿರಲಿ.

ಹಣವೆಲ್ಲಿಂದ ಬರಬೇಕೆಂದು ಕೇಳುವವರಿಗೆ ನಮ್ಮ ಉತ್ತರವಿಷ್ಟೇ: ಹಾರ ತುರಾಯಿಗಳಿಗೂ ಮಂಟಪಗಳಿಗೂ ದೊರೆಯುವ ಹಣದ ಒಂದು ಪಾಲು ಇದಕ್ಕೆ ಸಾಕು. ‘ತಾತ್ಪೂರ್ತಿಕರಿಗೆ ಕಲಿಸಿದರೆ ಅವರು ನಾಳೆ ಬಿಟ್ಟು ಹೋಗುವರು’ ಎಂಬ ಆಕ್ಷೇಪವೂ ಉಂಟು. ಹೋಗಲಿ! ಹೋಗುವದಾದರೂ ಎಲ್ಲಿಗೆ? ಸಹಕಾರಿ ಸಂಘಕ್ಕೆ, ಗ್ರಾಮ ಪಂಚಾಯತಿಗೆ, ಬ್ಯಾಂಕಿಗೆ, ಹುಬ್ಬಳ್ಳಿ ಬೆಂಗಳೂರುಗಳಿಗೆ. ಕೊನೆಗೌಡನ ವಿದ್ಯೆಯು ಒಬ್ಬನ ತೋಟಕ್ಕೇ ಮೀಸಲಾಗಿದೆಯೇ? ಹೋದಲ್ಲೆಲ್ಲ ಅದು ಬೆಳೆಯನ್ನು ಕಾಯುವದು. ಕಲಿಯದವನು ಇಲ್ಲಿಯೇ ಉಳಿದು ಮೂವತ್ತು ವರ್ಷ ಅದೇ ತಪ್ಪನ್ನು ಮಾಡುವದಕ್ಕಿಂತ, ಕಲಿತವನು ಮೂರು ವರ್ಷ ನೆಟ್ಟಗೆ ಸೇವೆ ಮಾಡಿ ಹೋಗುವದು ಲೇಸು.

ಕಾಲೇಜುಗಳ ಆಡಳಿತ ಮಂಡಲಿಗಳೂ, ಧಾರವಾಡದ ವಿಶ್ವವಿದ್ಯಾಲಯವೂ, ಕಾಲೇಜು ಶಿಕ್ಷಣ ಇಲಾಖೆಯ ಅಧಿಕಾರಿಗಳೂ ಈ ಸೂಚನೆಯನ್ನು ಪರಾಮರ್ಶಿಸಬೇಕೆಂದು ನಾವು ಕೋರುತ್ತೇವೆ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಹೊಸ ಕಟ್ಟಡ ಬೇಕಿಲ್ಲ. ಮೂವರು ಪ್ರಾಚಾರ್ಯರು ಒಂದು ಸಂಜೆ ಕೂಡಿ ಮಾತನಾಡಿದರೆ ಮೊದಲನೆಯ ಶಿಬಿರದ ತಾರೀಖು ಗೊತ್ತಾಗುವದು. ಬರುವ ಪ್ರವೇಶದ ಕಾಲಕ್ಕೆ ಯಲ್ಲಾಪುರದ ಕಾಡಿನಿಂದಲೋ ಸಿದ್ದಾಪುರದ ಕಣಿವೆಯಿಂದಲೋ ಬರುವ ಹುಡುಗಿಯು ಕಿಟಕಿಯ ಮುಂದೆ ನಿಂತಾಗ, ಒಳಗಿನವನು ಅವಳ ಕಾಗದವನ್ನು ತೆಗೆದುಕೊಂಡು ‘ಕುಳಿತುಕೊಳ್ಳವ್ವ, ಹೆಸರಿನಲ್ಲಿ ಒಂದಕ್ಷರ ತಪ್ಪಿದೆ, ಈಗಲೇ ಸರಿಮಾಡೋಣ’ ಎಂದು ನುಡಿಯುವಂತಾದರೆ, ಆ ಒಂದು ಮಾತಿಗಾಗಿ ಮಾಡಿದ ಖರ್ಚೆಲ್ಲ ಸಾರ್ಥಕವಾಯಿತೆಂದೇ ನಾವು ತಿಳಿಯುವೆವು.