ಶೆಡ್ಡಿನ ಸಿಮೆಂಟು ನೆಲಕ್ಕೆ ಏನು ಬಳಿಯೋಣ?

ಟಿಲ್ಲರ್, ಸ್ಪ್ರೇಯರ್, ಮೋಟಾರು ಬಿಚ್ಚಿ ರಿಪೇರಿ ಮಾಡಿಕೊಳ್ಳುವ ಶೆಡ್ಡು ಈಗ ಸಣ್ಣ ರೈತರಲ್ಲೂ ಇದೆ. ನಮ್ಮದು 15 ಅಡಿಗೆ 20 ಅಡಿ. ಸುಗ್ಗಿಯಲ್ಲಿ ಕಡಲೇಕಾಯಿ, ರಾಗಿ ಚೀಲಗಳೂ ಅಲ್ಲೇ. ನೆಲ ಹಾಕಿ ಎರಡು ವರ್ಷಕ್ಕೆ ಧೂಳು ಏಳೋಕೆ ಶುರುವಾಯಿತು. ಗುಡಿಸಿದಷ್ಟೂ ಬೂದಿಯಂಥ ಪುಡಿ. ಬಿಚ್ಚಿಟ್ಟ ಕಾರ್ಬೊರೇಟರಿನ ಒಳಗೂ ಅದೇ.

ಪೇಟೆ ಅಂಗಡಿಯವರು ಎಪಾಕ್ಸಿ ಬಳಿಸಿ, ಗಾಜಿನ ಹಾಗೆ ಹೊಳೀತದೆ ಅಂದರು. ಅವರು ಹೇಳಿದ ದುಡ್ಡಿಗೆ ಒಂದು ಮುಂಗಾರಿನ ಬೀಜ, ಗೊಬ್ಬರ ಎರಡೂ ಬರುತ್ತೆ. ಹಾಗಾಗಿ ನಾಲ್ಕು ಕಡೆ ವಿಚಾರಿಸಿಯೇ ಕೈಹಾಕಿದೆ. ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಧೂಳು ಯಾಕೆ ಬರುತ್ತೆ? ಕಾಂಕ್ರೀಟಿಗೆ ನೀರು ಹೆಚ್ಚಾದರೆ ಸಿಮೆಂಟಿನ ತಿಳಿ ಮೇಲೆ ಬಂದು ನಿಲ್ಲುತ್ತದೆ. ಆ ಪದರಕ್ಕೆ ಗಟ್ಟಿತನ ಇರಲ್ಲ. ಒಂದು ವಾರವಾದರೂ ನೀರು ನಿಲ್ಲಿಸಿ ನೆನೆಸದಿದ್ದರೂ ಹೀಗೇ ಆಗುತ್ತೆ.

ಏನಾದರೂ ಬಳಿಯುವ ಮೊದಲು ಎರಡು ಪರೀಕ್ಷೆ ಮಾಡಿ. ಖರ್ಚಿಲ್ಲ.

ಒಂದು: ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಒಂದು ಹಗಲು ಒಂದು ರಾತ್ರಿ ಬಿಡಿ. ತೆಗೆದಾಗ ಅಡಿಯಲ್ಲಿ ನೀರಹನಿ ಇದ್ದರೆ, ಇಲ್ಲವೆ ನೆಲ ಕಪ್ಪಾಗಿದ್ದರೆ ಭೂಮಿಯಿಂದ ತೇವ ಏರುತ್ತಿದೆ ಅಂತ ಅರ್ಥ. ಬಾವಿ, ಕಟ್ಟೆ ಪಕ್ಕದವರು ಮಳೆಗಾಲದಲ್ಲೇ ನೋಡಬೇಕು.

ಎರಡು: ನೆಲಕ್ಕೆ ನಾಲ್ಕು ಹನಿ ನೀರು ಬಿಡಿ. ಹೀರಿಕೊಂಡರೆ ಸರಿ. ಕೆಸುವಿನೆಲೆ ಮೇಲಿನ ಹಾಗೆ ಮುತ್ತಾಗಿ ನಿಂತರೆ ಎಣ್ಣೆ ಹಿಡಿದಿದೆ. ಅಲ್ಲಿ ಯಾವುದೂ ಹಿಡಿಯಲ್ಲ. ಸೋಪಿನ ಪುಡಿ, ಬಿಸಿನೀರು ಹಾಕಿ ಗಟ್ಟಿ ಬ್ರಷ್ಷಿನಲ್ಲಿ ತಿಕ್ಕಬೇಕು.

ಇನ್ನು ಬಳಿಯುವ ವಸ್ತುಗಳು.

ಎಪಾಕ್ಸಿ: ಎರಡು ಡಬ್ಬದ್ದನ್ನು ಬೆರೆಸಿ ಬಳಿಯೋದು. ಎಣ್ಣೆ, ಡೀಸೆಲ್ ಒಳಗೆ ಇಳಿಯಲ್ಲ, ಒರೆಸಿದರೆ ಹೋಗುತ್ತೆ. ಆದರೆ ನೆಲ ಪೂರ್ತಿ ಒಣಗಿರಬೇಕು, ಮೇಲ್ಮೈ ಉಜ್ಜಿ ತರಿ ಮಾಡಿರಬೇಕು. ಅಡಿಯಿಂದ ತೇವ ಬಂದರೆ ಗುಳ್ಳೆ ಎದ್ದು ಸುಲಿಯುತ್ತೆ. ಬಿಸಿಲು ಬಿದ್ದ ಕಡೆ ಹಳದಿಯಾಗುತ್ತೆ. ನೀರು ಬಿದ್ದರೆ ಜಾರುತ್ತೆ. ದಿನಾ ರಿಪೇರಿ ಕೆಲಸ ಮಾಡುವವರಿಗೆ ಲಾಯಕ್ಕು.

ಅಕ್ರಿಲಿಕ್ ಸೀಲರ್: ಅಗ್ಗ, ಬಳಿಯೋದು ಸುಲಭ. ಪದರ ತೆಳು. ಚಕ್ರ ಓಡಾಡುವ ಜಾಗದಲ್ಲಿ ಬೇಗ ಸವೆಯುತ್ತೆ, ಮತ್ತೆ ಮತ್ತೆ ಬಳಿಯಬೇಕು.

ಸೋಡಿಯಂ ಸಿಲಿಕೇಟ್: ಸೋಪು ಮಾಡುವವರು ಬಳಸುವ ಅಂಟು ದ್ರಾವಣ. ಕೆಮಿಕಲ್ ಅಂಗಡಿಯಲ್ಲಿ ಸಿಗುತ್ತೆ. ಇದು ನೆಲದೊಳಗೆ ಇಳಿದು ಸಿಮೆಂಟಿನಲ್ಲಿರುವ ಸುಣ್ಣದ ಜತೆ ಸೇರಿ ಗಟ್ಟಿಯಾಗುತ್ತೆ. ಮೇಲೆ ಪದರ ಇಲ್ಲದ್ದರಿಂದ ಸುಲಿಯುವ ಮಾತಿಲ್ಲ. ಧೂಳು ನಿಲ್ಲುತ್ತೆ. ಆದರೆ ಎಣ್ಣೆ ಕಲೆ ತಡೆಯಲ್ಲ, ಬಿರುಕು ಮುಚ್ಚಲ್ಲ.

ನಮ್ಮ ನೆಲದಲ್ಲಿ ತೇವ ಕಂಡಿತು. ಹಾಗಾಗಿ ಸಿಲಿಕೇಟನ್ನೇ ಆರಿಸಿದೆ. ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿ, ತೊಳೆದು ಒಣಗಿದ ನೆಲಕ್ಕೆ ಪೊರಕೆಯಲ್ಲಿ ಹರಡಿದೆವು. ಹೀರಿಕೊಳ್ಳದೆ ಉಳಿದದ್ದನ್ನು ಬಿಳಿ ಕಟ್ಟುವ ಮೊದಲೇ ನೀರು ಹಾಕಿ ಒರೆಸಿದೆವು. ದಿನ ಬಿಟ್ಟು ದಿನ ಹೀಗೆ ಮೂರು ಸಲ. ಇದು ಕ್ಷಾರ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಮಕ್ಕಳು, ದನಕರು ಹತ್ತಿರ ಸುಳಿಯಬಾರದು. ಈಗ ಬರಿಗಾಲಲ್ಲಿ ಓಡಾಡಿದರೆ ಪಾದಕ್ಕೆ ಪುಡಿ ಅಂಟಲ್ಲ. ಎಣ್ಣೆ ಸೋರುವ ಕಡೆ ಹಳೇ ತಗಡಿನ ತಟ್ಟೆಯಲ್ಲಿ ಮರದ ಹೊಟ್ಟು ಹಾಕಿ ಇಟ್ಟಿದ್ದೇವೆ.

ಮೊಳೆಯಿಂದ ಗೀರಿದರೆ ನೆಲ ಹಿಟ್ಟಿನ ಹಾಗೆ ಆಳಕ್ಕೆ ಕಿತ್ತು ಬಂದರೆ ಮಾತ್ರ ಯಾವ ಬಳಿತವೂ ವ್ಯರ್ಥ. ಅದನ್ನು ಕೆರೆದು ಹೊಸ ಗಾರೆ ಹಾಕಿಸೋದೇ ದಾರಿ. ಮಣ್ಣಿನ ನೆಲದವರಿಗೆ ಸಗಣಿ ಸಾರಣೆಯೇ ಸಾಕು. ಜಾಕ್ ಕೊಡುವಾಗ ಅಡಿಗೆ ದಪ್ಪ ಹಲಗೆ ಇಡಿ.

ಏನೇ ಬಳಿದರೂ ಗೊಬ್ಬರದ ಚೀಲ, ಬ್ಯಾಟರಿ ನೆಲದ ಮೇಲೆ ನೇರ ಇಡಬೇಡಿ. ಅಮೋನಿಯಂ ಸಲ್ಫೇಟು, ಬ್ಯಾಟರಿ ಆಸಿಡ್ಡು ಸಿಮೆಂಟನ್ನು ತಿನ್ನುತ್ತವೆ. ಕಡಲೇಕಾಯಿ ಚೀಲವನ್ನೂ ಹಲಗೆ ಮೇಲೆ, ಗೋಡೆಯಿಂದ ಒಂದಡಿ ದೂರ ಇಡಿ. ತೇವ ತಗುಲಿ ಬೂಸ್ಟು ಬಂದರೆ ಕಾಯಿಯಲ್ಲಿ ವಿಷ ಹುಟ್ಟುತ್ತೆ. ಅದು ತಿನ್ನೋಕೂ ಆಗಲ್ಲ, ದನಕ್ಕೆ ಹಾಕೋಕೂ ಆಗಲ್ಲ.