ನನ್ನ ಓವರ್‌ಗಳು ಈಗ ಇನ್ನೊಬ್ಬನ ಪಾಲು

ಮೊಣಕಾಲಿನ ಎಸಿಎಲ್ ಹರಿದರೆ ಶಸ್ತ್ರಚಿಕಿತ್ಸೆ ಒಂದೆರಡು ಗಂಟೆಯ ಕೆಲಸ. ಮತ್ತೆ ಆಟಕ್ಕಿಳಿಯಲು ಸುಮಾರು 9 ತಿಂಗಳು ಬೇಕು. ಕೂರಿಸಿದ ಹೊಸ ಲಿಗಮೆಂಟ್ ಮೂಳೆಗೆ ಬೆಸೆದು ಗಟ್ಟಿಯಾಗುವುದು ಅದರದೇ ಲೆಕ್ಕದಲ್ಲಿ, ನಮ್ಮ ಅವಸರಕ್ಕಲ್ಲ.

ನೋವು ಹೇಗೋ ತಡೆಯಬಹುದು. ಪುಣೆಯ ನಮ್ಮ ಭಾನುವಾರದ ಕ್ರಿಕೆಟ್ ತಂಡದ ವಾಟ್ಸ್‌ಆ್ಯಪ್ ಗುಂಪನ್ನು ತಡೆಯುವುದೇ ಕಷ್ಟ. ವಾರಕ್ಕೊಮ್ಮೆ ನಾನು ಬಾಯ್ತುಂಬ ಕನ್ನಡ ಆಡುತ್ತಿದ್ದುದು ಆ ಅಂಗಳದಲ್ಲೇ. ನನ್ನ ಬದಲಿಗೆ ಬಂದ ಹುಡುಗ ಮೂರು ವಿಕೆಟ್ ಕಿತ್ತ ದಿನ ‘ಸೂಪರ್’ ಎಂದು ಬರೆದು ಫೋನ್ ಮಗುಚಿಟ್ಟೆ. ಊರಿಂದ ಅಮ್ಮ, ‘ಸಾಕು ಬಿಡೋ, ಇನ್ನೇನು ರಣಜಿ ಆಡಬೇಕಾ?’ ಅಂದಳು.

ಅನಿಲ್ ಕುಂಬ್ಳೆ ಎಂದರೆ ಎಲ್ಲರಿಗೂ 2002ರ ಆಂಟಿಗಾ, ದವಡೆಯ ಬ್ಯಾಂಡೇಜು. ನನಗೀಗ ನೆನಪಾಗುವುದು ಅದರ ಹಿಂದಿನ ವರ್ಷ. ಭುಜದ ಗಾಯದಿಂದ ಅವರು ಹೊರಗಿದ್ದಾಗಲೇ ಹರಭಜನ್ ಆಸ್ಟ್ರೇಲಿಯಾ ವಿರುದ್ಧ 3 ಟೆಸ್ಟ್‌ಗಳಲ್ಲಿ 32 ವಿಕೆಟ್ ಪಡೆದರು. ಆ ದಿನಗಳನ್ನು ಅವರು ಹೇಗೆ ಕಳೆದರೋ! ಮರಳಿ ಬಂದು 619 ವಿಕೆಟ್ ಮುಟ್ಟಿದ್ದು ಆಮೇಲಿನ ಮಾತು.

ಕಳೆದ ಭಾನುವಾರ ಕುಂಟುತ್ತಲೇ ಸ್ಕೋರ್ ಬರೆಯಲು ಹೋದೆ. ಆ ಹುಡುಗ ಪಕ್ಕ ಕೂತು, ‘ಅಣ್ಣ, ಗೂಗ್ಲಿಗೆ ಚೆಂಡು ಹೇಗೆ ಹಿಡೀತೀರಿ?’ ಎಂದ. ಇನ್ನೂ ಹೇಳಿಕೊಟ್ಟಿಲ್ಲ.