ಮರಳುದಿಬ್ಬ ಹಾಗೂ ನದೀತೀರ ಪ್ರದೇಶದಲ್ಲಿ ದ್ವಿಚಕ್ರ ವಾಹನ ಪ್ರವಾಸ ಮತ್ತು ಶಿಬಿರವಾಸ: ಅನುಮತಿ ಮತ್ತು ಪೂರ್ವಸಿದ್ಧತೆ (ಮಂಡ್ಯ, ಮದ್ದೂರು, ಮಳವಳ್ಳಿ)

ಪೀಠಿಕೆ

ವರ್ಷಕ್ಕೆ 250 ಮಿ.ಮೀ.ಗಿಂತ ಕಡಿಮೆ ಮಳೆ ಬೀಳುವ ಪ್ರದೇಶವನ್ನು ಸಾಮಾನ್ಯವಾಗಿ ಮರುಭೂಮಿ ಎಂದು ಪರಿಗಣಿಸಲಾಗುತ್ತದೆ. ಮಂಡ್ಯ ಜಿಲ್ಲೆಯ ವಾರ್ಷಿಕ ಮಳೆ ಸುಮಾರು 700 ಮಿ.ಮೀ. ಆದಕಾರಣ ಈ ಜಿಲ್ಲೆಯಲ್ಲಾಗಲಿ ನೆರೆಯಲ್ಲಾಗಲಿ ಮರುಭೂಮಿ ಇರುವುದಿಲ್ಲ. ಆದಾಗ್ಯೂ ಮರಳಿನ ಮೇಲೆ ಮೋಟಾರು ಸೈಕಲ್ ಚಲಾಯಿಸಿ, ಬಯಲಿನಲ್ಲಿ ಗುಡಾರ ಹಾಕಿ ರಾತ್ರಿ ಕಳೆಯುವ ಉದ್ದೇಶದಿಂದ ತಲಕಾಡಿನ ಮರಳುದಿಬ್ಬ, ಮುತ್ತತ್ತಿಯ ಕಾಡು ಮತ್ತು ಶಿವನಸಮುದ್ರದ ನದೀತೀರಕ್ಕೆ ಮದ್ದೂರು ಹಾಗೂ ಮಳವಳ್ಳಿ ಮಾರ್ಗವಾಗಿ ಸವಾರರು ಬರುತ್ತಾರೆ.

ಇಂತಹ ಪ್ರವಾಸ ಕೈಗೊಳ್ಳುವವರು ಎರಡು ಅಂಶಗಳನ್ನು ಮುಖ್ಯವಾಗಿ ಗಮನಿಸಬೇಕು. ಮೊದಲನೆಯದಾಗಿ, ಮರುಭೂಮಿಯಲ್ಲಿ ನೀರಿನ ಅಭಾವದಿಂದ ಪ್ರಾಣಾಪಾಯ ಉಂಟಾದರೆ, ಇಲ್ಲಿ ನೀರಿನಿಂದಲೇ ಪ್ರಾಣಾಪಾಯ ಉಂಟಾಗುತ್ತದೆ. ಎರಡನೆಯದಾಗಿ, ನೋಡಲು ತೆರೆದ ಬಯಲಿನಂತೆ ಕಂಡರೂ ಇಲ್ಲಿನ ಪ್ರತಿಯೊಂದು ಜಾಗವೂ ಒಂದಲ್ಲ ಒಂದು ಇಲಾಖೆಯ ಅಥವಾ ಖಾಸಗಿ ಹಿಡುವಳಿದಾರರ ಸ್ವಾಧೀನದಲ್ಲಿರುತ್ತದೆ. ಸಾರ್ವಜನಿಕರ ಅನುಕೂಲಕ್ಕಾಗಿ ಅಗತ್ಯ ಮಾಹಿತಿಯನ್ನು ಕೆಳಗೆ ನೀಡಲಾಗಿದೆ.

1. ಸ್ಥಳಗಳು ಮತ್ತು ಅವುಗಳ ವ್ಯಾಪ್ತಿ

ಅ) ತಲಕಾಡು: ಕಾವೇರಿಯ ದಂಡೆಯಲ್ಲಿರುವ ತಲಕಾಡು ಮಳವಳ್ಳಿಗೆ ಸಮೀಪವಿದ್ದರೂ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿಗೆ ಸೇರಿದೆ. ಇದು ಗಂಗರ ರಾಜಧಾನಿಯಾಗಿತ್ತು. ಇಲ್ಲಿನ ಕೀರ್ತಿನಾರಾಯಣ ದೇವಾಲಯವನ್ನು ಹೊಯ್ಸಳ ವಿಷ್ಣುವರ್ಧನನು ಚೋಳರ ಮೇಲಿನ ವಿಜಯದ ನಂತರ 1117ರಲ್ಲಿ ಕಟ್ಟಿಸಿದನು. ಗಾಳಿಯು ನದಿಪಾತ್ರದಿಂದ ತಂದು ಹಾಕಿದ ಮರಳಿನಲ್ಲಿ ಹಲವು ದೇವಾಲಯಗಳು ಹೂತುಹೋಗಿದ್ದು, 1990ರ ದಶಕದಲ್ಲಿ ರಾಜ್ಯ ಪುರಾತತ್ವ ಇಲಾಖೆಯು ಇಲ್ಲಿ ಉತ್ಖನನ ನಡೆಸಿತು. 2009, 2013 ಮತ್ತು 2020ರಲ್ಲಿ ಇಲ್ಲಿ ಪಂಚಲಿಂಗ ದರ್ಶನ ಮಹೋತ್ಸವ ಜರುಗಿದೆ. ಮರಳಿನ ಅಡಿಯಲ್ಲಿ ಪ್ರಾಚೀನ ಅವಶೇಷಗಳಿರುವುದರಿಂದ ದಿಬ್ಬಗಳ ಮೇಲೆ ವಾಹನ ಚಲಾಯಿಸತಕ್ಕದ್ದಲ್ಲ. ಈ ಸ್ಥಳವನ್ನು ಕಾಲ್ನಡಿಗೆಯಲ್ಲಿ ಮಾತ್ರ ನೋಡಬೇಕು. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಉಂಟುಮಾಡಿದವರಿಗೆ 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮದಡಿ (2010ರ ತಿದ್ದುಪಡಿಯಂತೆ) ಎರಡು ವರ್ಷಗಳವರೆಗೆ ಕಾರಾಗೃಹ ವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಆ) ಮುತ್ತತ್ತಿ ಮತ್ತು ಭೀಮೇಶ್ವರಿ: ಮಳವಳ್ಳಿ ತಾಲ್ಲೂಕಿನ ಹಲಗೂರಿನಿಂದ ಈ ಸ್ಥಳಗಳಿಗೆ ಹೋಗಬಹುದು. ಇವು 1987ರಲ್ಲಿ ಘೋಷಿಸಲಾದ ಕಾವೇರಿ ವನ್ಯಜೀವಿ ಧಾಮದ ವ್ಯಾಪ್ತಿಯಲ್ಲಿವೆ.

ಇ) ಶಿವನಸಮುದ್ರ: ಗಗನಚುಕ್ಕಿ ಜಲಪಾತದ ವೀಕ್ಷಣಾ ಸ್ಥಳವು ಮಳವಳ್ಳಿ ತಾಲ್ಲೂಕಿನಲ್ಲಿಯೂ ಭರಚುಕ್ಕಿಯು ಚಾಮರಾಜನಗರ ಜಿಲ್ಲೆಯಲ್ಲಿಯೂ ಇವೆ.

ಈ) ಕೊಕ್ಕರೆ ಬೆಳ್ಳೂರು: ಮದ್ದೂರು ತಾಲ್ಲೂಕಿನ ಈ ಗ್ರಾಮದಲ್ಲಿ ಬಣ್ಣದ ಕೊಕ್ಕರೆ ಹಾಗೂ ಹೆಜ್ಜಾರ್ಲೆಗಳು ಊರಿನ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಸವಾರರು ಗ್ರಾಮದ ಒಳಗೆ ಎಂಜಿನ್ ಶಬ್ದ ಏರಿಸದೆ, ಹಾರನ್ ಮಾಡದೆ ಸಾಗಬೇಕು.

2. ಮಾರ್ಗ

ಬೆಂಗಳೂರು–ಮೈಸೂರು ರಾಷ್ಟ್ರೀಯ ಹೆದ್ದಾರಿ 275ರ ಪ್ರವೇಶ ನಿಯಂತ್ರಿತ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳನ್ನು ನಿಷೇಧಿಸಲಾಗಿದೆ. ಆದ್ದರಿಂದ ಮದ್ದೂರಿಗೆ ಬರುವ ಸವಾರರು ಸೇವಾ ರಸ್ತೆಯನ್ನೇ ಬಳಸತಕ್ಕದ್ದು. ಸೇವಾ ರಸ್ತೆಯು ಊರುಗಳ ಮೂಲಕ ಹಾದುಹೋಗುವುದರಿಂದ ಪ್ರಯಾಣಕ್ಕೆ ಹೆಚ್ಚಿನ ಸಮಯ ಮೀಸಲಿಡಬೇಕು. ಕನಕಪುರ, ಹಲಗೂರು ಮಾರ್ಗವಾಗಿ ಮಳವಳ್ಳಿಗೆ ಬರುವ ರಾಷ್ಟ್ರೀಯ ಹೆದ್ದಾರಿ 948 ಪರ್ಯಾಯ ಮಾರ್ಗವಾಗಿದೆ.

ಎರಡು ದಿನಗಳ ಪ್ರವಾಸವನ್ನು ಈ ರೀತಿ ಯೋಜಿಸಿಕೊಳ್ಳಬಹುದು. ಮೊದಲ ದಿನ ಮದ್ದೂರು, ಮಳವಳ್ಳಿ ಮಾರ್ಗವಾಗಿ ಗಗನಚುಕ್ಕಿ ಮತ್ತು ತಲಕಾಡು ನೋಡಿ, ರಾತ್ರಿ ಮಳವಳ್ಳಿಯಲ್ಲಿ ತಂಗುವುದು. ಎರಡನೆಯ ದಿನ ಬೆಳಿಗ್ಗೆ ಹಲಗೂರಿನ ಮೂಲಕ ಮುತ್ತತ್ತಿಗೆ ಹೋಗಿ, ಸೂರ್ಯಾಸ್ತಕ್ಕೆ ಸಾಕಷ್ಟು ಮುಂಚೆ ಕಾಡಿನ ರಸ್ತೆಯಿಂದ ಹೊರಬರುವುದು.

ಕಬ್ಬು ಕಟಾವಿನ ಕಾಲದಲ್ಲಿ ಎತ್ತಿನ ಗಾಡಿಗಳು ಮತ್ತು ಟ್ರ್ಯಾಕ್ಟರುಗಳು ರಾತ್ರಿ ವೇಳೆಯಲ್ಲಿಯೂ ಸಂಚರಿಸುತ್ತವೆ. ಹೇರಿನ ಹಿಂಭಾಗದಲ್ಲಿ ದೀಪ ಅಥವಾ ಪ್ರತಿಫಲಕ ಇಲ್ಲದಿದ್ದಲ್ಲಿ ಅವು ಹತ್ತಿರ ಬರುವವರೆಗೆ ಕಾಣುವುದಿಲ್ಲ. ಆದ್ದರಿಂದ ರಾತ್ರಿ ಸವಾರಿಯನ್ನು ಕೈಬಿಡುವುದು ಸೂಕ್ತ.

3. ಅನುಮತಿ

ವನ್ಯಜೀವಿ ಧಾಮದಲ್ಲಿ: ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಪ್ರಕರಣ 27ರಂತೆ ಧಾಮದೊಳಗೆ ಪ್ರವೇಶ ನಿರ್ಬಂಧಿತವಾಗಿದೆ. ಸಾರ್ವಜನಿಕ ಹೆದ್ದಾರಿಯ ಮೂಲಕ ಹಾದುಹೋಗುವವರಿಗೆ ಇದರಿಂದ ವಿನಾಯಿತಿ ಇದೆ. ಆದರೆ ಸದರಿ ವಿನಾಯಿತಿಯು ರಸ್ತೆಗೆ ಮಾತ್ರ ಸೀಮಿತವಾಗಿದ್ದು, ರಸ್ತೆ ಬಿಟ್ಟು ಕಾಲುದಾರಿ, ಹಳ್ಳ ಅಥವಾ ನದೀತೀರಕ್ಕೆ ವಾಹನ ಇಳಿಸಿದ ಕ್ಷಣದಿಂದ ಅನ್ವಯಿಸುವುದಿಲ್ಲ. ಪ್ರವಾಸೋದ್ಯಮ, ಛಾಯಾಗ್ರಹಣ, ಸಂಶೋಧನೆ ಮುಂತಾದ ಉದ್ದೇಶಗಳಿಗೆ ಪ್ರಕರಣ 28ರಡಿ ಅನುಮತಿ ನೀಡುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಇರುತ್ತದೆ. ಈ ಬಗ್ಗೆ ಕೊಳ್ಳೇಗಾಲದಲ್ಲಿರುವ ಕಾವೇರಿ ವನ್ಯಜೀವಿ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿಗಳ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಬೇಕು. ಧಾಮದೊಳಗೆ ಬೆಂಕಿ ಹಚ್ಚುವುದು ಹಾಗೂ ಆಯುಧ ಒಯ್ಯುವುದು ನಿಷಿದ್ಧ. ಅಧಿನಿಯಮದ 2022ರ ತಿದ್ದುಪಡಿಯ ನಂತರ ಸಾಮಾನ್ಯ ಉಲ್ಲಂಘನೆಗೂ ಮೂರು ವರ್ಷಗಳವರೆಗೆ ಕಾರಾಗೃಹ ವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಖಾಸಗಿ ಜಮೀನಿನಲ್ಲಿ: ಮಣ್ಣು ದಾರಿಯ ಸವಾರಿಗೂ ಗುಡಾರ ಹಾಕುವುದಕ್ಕೂ ಸರಳವಾದ ಮಾರ್ಗವೆಂದರೆ, ಬೆಳೆ ಇಲ್ಲದ ಖಾಸಗಿ ಜಮೀನನ್ನು ಮಾಲೀಕರ ಲಿಖಿತ ಒಪ್ಪಿಗೆಯೊಂದಿಗೆ ಬಳಸುವುದು. ಒಪ್ಪಿಗೆ ನೀಡುವವರೇ ಜಮೀನಿನ ಖಾತೆದಾರರೇ ಎಂಬುದನ್ನು ಪಹಣಿಯಿಂದ ಖಚಿತಪಡಿಸಿಕೊಳ್ಳಬೇಕು. ಪಹಣಿಯು ಭೂಮಿ ತಂತ್ರಾಂಶದ ಮೂಲಕ ದೊರೆಯುತ್ತದೆ. ಗೋಮಾಳ ಮತ್ತು ಕೆರೆ ಅಂಗಳಗಳು ಸರ್ಕಾರಿ ಜಮೀನುಗಳಾಗಿದ್ದು, ಗ್ರಾಮಸ್ಥರ ಬಾಯಿಮಾತಿನ ಒಪ್ಪಿಗೆ ಸಾಲದು. ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

ಸ್ಪರ್ಧೆ: ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ವಾಹನಗಳ ವೇಗ ಸ್ಪರ್ಧೆ ನಡೆಸುವುದು ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 189ರಂತೆ ಅಪರಾಧವಾಗಿದೆ.

ಅನುಮತಿ ಕೋರುವ ಅರ್ಜಿಯಲ್ಲಿ ಈ ವಿವರಗಳಿದ್ದಲ್ಲಿ ಪರಿಶೀಲನೆ ಸುಲಭವಾಗುತ್ತದೆ:

1. ತಂಡದ ಎಲ್ಲ ಸದಸ್ಯರ ಹೆಸರು, ವಿಳಾಸ, ಗುರುತಿನ ದಾಖಲೆ
2. ವಾಹನಗಳ ನೋಂದಣಿ ಸಂಖ್ಯೆ ಮತ್ತು ಸವಾರರ ಚಾಲನಾ ಪರವಾನಗಿ ಸಂಖ್ಯೆ
3. ದಿನಾಂಕ, ಪ್ರವೇಶ ಮತ್ತು ನಿರ್ಗಮನದ ಸಮಯ, ಮಾರ್ಗದ ನಕ್ಷೆ
4. ರಾತ್ರಿ ತಂಗುವ ಸ್ಥಳ
5. ಪ್ರವಾಸದಲ್ಲಿ ಭಾಗವಹಿಸದ ಒಬ್ಬ ಸಂಬಂಧಿಕರ ದೂರವಾಣಿ ಸಂಖ್ಯೆ

4. ವಾಹನ ಮತ್ತು ಸವಾರರು

ಸವಾರ ಹಾಗೂ ಹಿಂಬದಿ ಸವಾರ ಇಬ್ಬರೂ ಐ.ಎಸ್.ಐ. ಗುರುತಿನ ಹೆಲ್ಮೆಟ್ ಧರಿಸುವುದು ಕಡ್ಡಾಯ. ನೋಂದಣಿ ಪ್ರಮಾಣಪತ್ರ, ವಿಮೆ, ಹೊಗೆ ತಪಾಸಣಾ ಪತ್ರ ಮತ್ತು ಚಾಲನಾ ಪರವಾನಗಿ ಜೊತೆಯಲ್ಲಿರಬೇಕು. ಡಿಜಿಲಾಕರ್ ದಾಖಲೆಗಳು ಮಾನ್ಯವಾದರೂ ಕಾಡಿನ ರಸ್ತೆಯಲ್ಲಿ ಮೊಬೈಲ್ ಸಂಪರ್ಕ ದೊರೆಯದಿರುವ ಸಾಧ್ಯತೆ ಇರುವುದರಿಂದ ಮುದ್ರಿತ ಪ್ರತಿಗಳನ್ನೂ ಇಟ್ಟುಕೊಳ್ಳುವುದು ಒಳ್ಳೆಯದು. ಹಲಗೂರು ಬಿಡುವ ಮೊದಲೇ ಪೆಟ್ರೋಲ್ ಭರ್ತಿ ಮಾಡಿಸಿಕೊಳ್ಳಬೇಕು. ಸಡಿಲ ಮಣ್ಣಿನಲ್ಲಿ ಹಿಡಿತಕ್ಕಾಗಿ ಟೈರಿನ ಗಾಳಿ ಇಳಿಸಿದ್ದಲ್ಲಿ, ಡಾಂಬರು ರಸ್ತೆಗೆ ಬರುವ ಮೊದಲು ಮತ್ತೆ ತುಂಬಿಸಲು ಕೈಪಂಪು ಒಯ್ಯಬೇಕು. ಒಬ್ಬರೇ ಹೋಗದೆ ಕನಿಷ್ಠ ಮೂರು ವಾಹನಗಳ ತಂಡವಾಗಿ ಹೋಗುವುದು ಸೂಕ್ತ. ಒಬ್ಬರಿಗೆ ಅಪಘಾತವಾದರೆ ಒಬ್ಬರು ಜೊತೆಯಲ್ಲಿದ್ದು, ಇನ್ನೊಬ್ಬರು ನೆರವು ತರಲು ಸಾಧ್ಯವಾಗುತ್ತದೆ.

5. ನದಿ ಮತ್ತು ನಾಲೆಗಳ ಬಗ್ಗೆ ವಿಶೇಷ ಎಚ್ಚರಿಕೆ

ಮುತ್ತತ್ತಿ ಮತ್ತು ತಲಕಾಡಿನ ನದೀತೀರದಲ್ಲಿ ಪ್ರವಾಸಿಗರು ಮುಳುಗಿ ಮೃತಪಟ್ಟ ಪ್ರಕರಣಗಳು ಪದೇ ಪದೇ ವರದಿಯಾಗಿವೆ. ದಡದಲ್ಲಿ ಮೊಣಕಾಲುದ್ದವಿರುವ ನೀರು ಕೆಲವೇ ಹೆಜ್ಜೆಗಳಲ್ಲಿ ಆಳವಾದ ಮಡುವಾಗಬಹುದು. ಬಂಡೆಗಳ ನಡುವೆ ಸುಳಿಗಳಿರುತ್ತವೆ. ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ.

ನದಿಯ ನೀರು ಸ್ಥಳೀಯ ಮಳೆಯನ್ನು ಅವಲಂಬಿಸಿಲ್ಲ ಎಂಬುದನ್ನು ಗಮನಿಸಬೇಕು. ಕೊಡಗು ಮತ್ತು ವಯನಾಡಿನಲ್ಲಿ ಮಳೆಯಾಗಿ ಕೃಷ್ಣರಾಜಸಾಗರ ಮತ್ತು ಕಬಿನಿ ಜಲಾಶಯಗಳಿಂದ ನೀರು ಬಿಟ್ಟಾಗ, ಮಳವಳ್ಳಿಯಲ್ಲಿ ಬಿಸಿಲಿದ್ದರೂ ನದಿ ಏರುತ್ತದೆ. ಸಂಜೆ ಒಣಗಿದ್ದ ಮರಳದಂಡೆಯು ಬೆಳಗಾಗುವುದರೊಳಗೆ ನೀರಿನಲ್ಲಿ ಮುಳುಗಬಹುದು. ಆದಕಾರಣ ನದಿಪಾತ್ರದ ಮರಳಿನ ಮೇಲೆ ಯಾವ ಕಾಲದಲ್ಲಿಯೂ ಗುಡಾರ ಹಾಕತಕ್ಕದ್ದಲ್ಲ. ಹೊರಡುವ ದಿನ ಜಲಾಶಯಗಳ ಹೊರಹರಿವಿನ ಪ್ರಮಾಣವನ್ನು ಪತ್ರಿಕೆಗಳಲ್ಲಿ ನೋಡಿಕೊಳ್ಳಬೇಕು.

ನಾಲೆಯ ಏರಿಗಳು ಮಣ್ಣು ದಾರಿಯ ಸವಾರಿಗೆ ಆಕರ್ಷಕವಾಗಿ ಕಾಣುತ್ತವೆ. ಇವು ನಾಲೆಯ ನಿರ್ವಹಣೆಗಾಗಿ ಇರುವ ದಾರಿಗಳು. ಹಲವೆಡೆ ತಡೆಗೋಡೆ ಇರುವುದಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಮೃತಪಟ್ಟರು. ಮೃತರಲ್ಲಿ ಶಾಲಾ ಮಕ್ಕಳೂ ಇದ್ದರು. ಇಳಿಜಾರಾದ ಪಾಚಿಗಟ್ಟಿದ ಗೋಡೆಯನ್ನು ಹತ್ತಿ ಹೊರಬರುವುದು ಈಜು ಬಲ್ಲವರಿಗೂ ಕಷ್ಟ. ನಾಲೆ ಏರಿಯ ಮೇಲೆ ಸಾಹಸ ಸವಾರಿ ಮಾಡತಕ್ಕದ್ದಲ್ಲ.

6. ಶಿಬಿರವಾಸ

ಅರಣ್ಯದೊಳಗೆ ತಂಗಲು ಇಚ್ಛಿಸುವವರು ರಾಜ್ಯ ಸರ್ಕಾರದ ಉದ್ಯಮವಾದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯ ಭೀಮೇಶ್ವರಿ ಶಿಬಿರದಲ್ಲಿ ಮುಂಗಡವಾಗಿ ಸ್ಥಳ ಕಾಯ್ದಿರಿಸಬಹುದು.

ಖಾಸಗಿ ಜಮೀನಿನಲ್ಲಿ ತಂಗುವವರು ಕಬ್ಬಿನ ಗದ್ದೆ ಹಾಗೂ ಹಳ್ಳದ ದಂಡೆಯಿಂದ ದೂರವಿರುವ ಎತ್ತರದ ಜಾಗವನ್ನು ಆರಿಸಿಕೊಳ್ಳಬೇಕು. ಮುತ್ತತ್ತಿ ಕಾಡಿನ ಆನೆಗಳು ಮಳವಳ್ಳಿ ಮತ್ತು ಮದ್ದೂರು ತಾಲ್ಲೂಕುಗಳ ಕಬ್ಬಿನ ಗದ್ದೆಗಳಿಗೆ ಬರುವುದುಂಟು. ಚಿರತೆ, ಕಾಡುಹಂದಿಗಳೂ ಗದ್ದೆಗಳಲ್ಲಿ ಅಡಗಿರಬಹುದು. ಒಬ್ಬರಿಗೆ ದಿನಕ್ಕೆ ಕನಿಷ್ಠ ನಾಲ್ಕು ಲೀಟರ್ ಕುಡಿಯುವ ನೀರು ಇಟ್ಟುಕೊಳ್ಳಬೇಕು. ಒಣಗಿದ ಕಬ್ಬಿನ ತರಗು ಒಂದು ಕಿಡಿಗೂ ಹೊತ್ತಿಕೊಳ್ಳುವುದರಿಂದ ಒಲೆಯನ್ನು ತೆರವುಗೊಳಿಸಿದ ನೆಲದ ಮೇಲೆ ಮಾತ್ರ ಹಚ್ಚಿ, ಮಲಗುವ ಮೊದಲು ನೀರು ಹಾಕಿ ಆರಿಸಬೇಕು. ಒಂದು ರಾತ್ರಿಯ ಅಜಾಗರೂಕತೆಯಿಂದ ರೈತರ ಒಂದು ವರ್ಷದ ಬೆಳೆ ಸುಟ್ಟುಹೋಗಬಹುದು. ಪ್ಲಾಸ್ಟಿಕ್ ಮತ್ತು ಬಾಟಲಿಗಳನ್ನು ಬಿಟ್ಟು ಹೋಗಬಾರದು. ಒಡೆದ ಗಾಜು ಉಳುವವರ ಮತ್ತು ದನಕರುಗಳ ಕಾಲಿಗೆ ತಗಲುತ್ತದೆ.

7. ತುರ್ತು ಸಂದರ್ಭದಲ್ಲಿ

ರಸ್ತೆಯಲ್ಲಿ ಆನೆ ಕಂಡಲ್ಲಿ ಸಾಕಷ್ಟು ದೂರದಲ್ಲಿಯೇ ನಿಂತು, ಹಾರನ್ ಮಾಡದೆ, ಛಾಯಾಚಿತ್ರಕ್ಕಾಗಿ ಮುಂದೆ ಹೋಗದೆ, ಅದು ದಾಟಿ ಹೋಗುವವರೆಗೆ ಕಾಯಬೇಕು ಅಥವಾ ಹಿಂದಿರುಗಬೇಕು. ಹಾವು ಕಚ್ಚಿದಲ್ಲಿ ಗಾಯವನ್ನು ಕೊಯ್ಯುವುದಾಗಲಿ ಬಿಗಿಯಾಗಿ ಕಟ್ಟುವುದಾಗಲಿ ಮಾಡದೆ, ಕಚ್ಚಿದ ಅಂಗವನ್ನು ಅಲುಗಾಡಿಸದಂತೆ ಇರಿಸಿ ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು. ಮಳವಳ್ಳಿ ಮತ್ತು ಮದ್ದೂರಿನಲ್ಲಿ ತಾಲ್ಲೂಕು ಆಸ್ಪತ್ರೆಗಳೂ, ಮಂಡ್ಯದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಯೂ ಇವೆ.

ದೂರವಾಣಿ ಸಂಖ್ಯೆಗಳು: ಪೊಲೀಸ್ ಹಾಗೂ ಎಲ್ಲ ತುರ್ತು ನೆರವು – 112, ಆಂಬುಲೆನ್ಸ್ – 108, ಅರಣ್ಯ ಇಲಾಖೆ ಸಹಾಯವಾಣಿ – 1926, ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ – 1033.

ಮೊಬೈಲ್ ಸಂಪರ್ಕ ದೊರೆಯದ ಸ್ಥಳಗಳಲ್ಲಿ ಈ ಸಂಖ್ಯೆಗಳು ಉಪಯೋಗಕ್ಕೆ ಬಾರದಿರಬಹುದು. ಆದ್ದರಿಂದ ಪ್ರವಾಸಿಗರು ತಾವು ಹೋಗುವ ಮಾರ್ಗ ಮತ್ತು ಹಿಂದಿರುಗುವ ಸಮಯವನ್ನು ಮನೆಯವರಿಗೆ ಲಿಖಿತವಾಗಿ ತಿಳಿಸಿ ಹೊರಡಬೇಕು. ನಿಗದಿತ ಸಮಯಕ್ಕೆ ಹಿಂದಿರುಗದಿದ್ದಲ್ಲಿ ಯಾರಿಗೆ ಕರೆ ಮಾಡಬೇಕು, ಎಲ್ಲಿ ಹುಡುಕಬೇಕು ಎಂಬುದು ಮನೆಯವರಿಗೆ ತಿಳಿದಿರುತ್ತದೆ. ಸಾರ್ವಜನಿಕರು ಮೇಲ್ಕಂಡ ಸೂಚನೆಗಳನ್ನು ಪಾಲಿಸಿ ಸುರಕ್ಷಿತವಾಗಿ ಪ್ರವಾಸ ಕೈಗೊಳ್ಳಬೇಕೆಂದು ಕೋರಲಾಗಿದೆ.